ಆಳು ಮಾಡಿದ್ದು

‘ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ನಾಲ್ಕೆಕರೆ ಹೊಲವುಳ್ಳವನಿಗೂ, ಬೀದಿಯ ಮೂಲೆಯಲ್ಲಿ ದಿನಸಿಯ ಅಂಗಡಿಯನ್ನಿಟ್ಟವನಿಗೂ ಈ ಮಾತು ಸಲ್ಲಬಹುದು. ನೂರಾರು ಮಳಿಗೆಗಳ ಯಜಮಾನನಿಗೆ ಇದರಿಂದ ಏನು ಪ್ರಯೋಜನ? ಅವನು ಒಬ್ಬ ಗಿರಾಕಿಗೂ ತಾನೇ ತೂಗಿ ಕೊಡಲಾರನು. ಅವನ ಅಂಗಡಿಯಲ್ಲಿ ನಡೆಯುವುದೆಲ್ಲವೂ ಆಳು ಮಾಡಿದ್ದೇ.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ 1965ರಲ್ಲಿ ಹುಟ್ಟಿದ ಆಸ್ಡಾ ಎಂಬ ಸೂಪರ್ ಮಾರ್ಕೆಟ್ ಸಂಸ್ಥೆಯು ಅಗ್ಗದ ಬೆಲೆಗೆ ಹೆಸರಾಗಿತ್ತು. 1991ರ ವೇಳೆಗೆ ಅದು ಸುಮಾರು ನೂರು ಕೋಟಿ ಪೌಂಡುಗಳ ಸಾಲದಲ್ಲಿ ಮುಳುಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ 37 ವರ್ಷ ವಯಸ್ಸಿನ ಆರ್ಚಿ ನಾರ್ಮನ್ನರು ಅದರ ಆಡಳಿತವನ್ನು ವಹಿಸಿಕೊಂಡರು. ಅವರ ಮೊದಲ ಕಾರ್ಯಗಳು ಕಠಿನವಾಗಿಯೇ ಇದ್ದುವು: ಸಂಬಳದ ಏರಿಕೆಯನ್ನು ತಡೆಹಿಡಿದರು; ನಷ್ಟದ ವ್ಯವಹಾರಗಳನ್ನು ಮಾರಿದರು; ಮೇಲಧಿಕಾರಿಗಳ ಮೆಟ್ಟಲುಗಳನ್ನು ಕಡಿಮೆಮಾಡಿದರು.

ಆದರೆ ಕತ್ತರಿಯು ಬಟ್ಟೆಯನ್ನು ಕತ್ತರಿಸೀತೇ ಹೊರತು ಹೊಲಿಯಲಾರದು. ಗಿರಾಕಿಯು ಏಕೆ ಬರಿಗೈಯಲ್ಲಿ ಹಿಂದಿರುಗುತ್ತಾನೆಂಬುದು ಕಚೇರಿಗಿಂತ ಮೊದಲು ಕಪಾಟು ಜೋಡಿಸುವವಳಿಗೆ ತಿಳಿಯುತ್ತದೆ. ನಾರ್ಮನ್ನರು ಇದನ್ನು ಅರಿತರು. ಯಾವ ನೌಕರನೇ ಆಗಲಿ ತನ್ನ ಸಲಹೆಯನ್ನು ನೇರವಾಗಿ ತಮಗೇ ಬರೆದು ತಿಳಿಸುವಂತೆ ‘ಟೆಲ್ ಆರ್ಚಿ’ ಎಂಬ ಏರ್ಪಾಟನ್ನು ಮಾಡಿದರು. ಮೂರು ಮಳಿಗೆಗಳನ್ನು ಹೊಸ ಪ್ರಯೋಗಗಳಿಗಾಗಿ ಬಿಟ್ಟುಕೊಟ್ಟರು; ಅಲ್ಲಿ ತಪ್ಪಿದವರಿಗೆ ದಂಡನೆಯ ಭಯವಿರಲಿಲ್ಲ. ‘ನೌಕರ’ ಎಂಬ ಹೆಸರು ಹೋಗಿ ‘ಸಹೋದ್ಯೋಗಿ’ ಎಂಬುದು ಬಂದಿತು. ಸಂಸ್ಥೆಯು ಚೇತರಿಸಿಕೊಂಡಿತು. 1999ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಅದನ್ನು 670 ಕೋಟಿ ಪೌಂಡುಗಳಿಗೆ ಕೊಂಡುಕೊಂಡಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಗಾದೆಯು ಸೋತಿತೆಂದು ಹೇಳಿಬಿಡಬಹುದಾಗಿತ್ತು. ಆದರೆ ನಾರ್ಮನ್ನರು ಬಿಟ್ಟುಹೋದ ಎಷ್ಟೋ ವರ್ಷಗಳ ಮೇಲೆ, ಅದೇ ಮಳಿಗೆಗಳ ಸಾವಿರಾರು ಮಂದಿ, ಬಹುಪಾಲು ಸ್ತ್ರೀಯರು, ನ್ಯಾಯಸ್ಥಾನದ ಮೆಟ್ಟಲನ್ನು ಹತ್ತಿದರು. ಉಗ್ರಾಣಗಳಲ್ಲಿ ದುಡಿಯುವವರಿಗೆ, ಬಹುಪಾಲು ಗಂಡಸರಿಗೆ, ತಮಗಿಂತ ಹೆಚ್ಚು ಸಂಬಳವೇಕೆಂಬುದು ಅವರ ಪ್ರಶ್ನೆ. ಈ ಎರಡು ಕೆಲಸಗಳ ಸಂಬಳವನ್ನು ಹೋಲಿಸಿ ನೋಡಬಹುದೆಂದು 2021ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಕೆಲಸಗಳು ಸಮಾನವೆಂದು ಆ ತೀರ್ಪು ಹೇಳಲಿಲ್ಲ; ಹೋಲಿಕೆಯ ಬಾಗಿಲನ್ನು ಮಾತ್ರ ತೆರೆಯಿತು.

ಆಳನ್ನು ಸಹೋದ್ಯೋಗಿಯೆಂದು ಕರೆಯುವುದು ದೊಡ್ಡ ಮನಸ್ಸಿನ ಕೆಲಸ. ಅದಕ್ಕೆ ಒಂದು ದಿನ ಸಾಕು. ಹಾಗೆ ಕರೆಸಿಕೊಂಡವಳು ಆ ಮಾತನ್ನು ತಿಂಗಳ ಕೊನೆಗೆ ತನ್ನ ಸಂಬಳದ ಚೀಟಿಯಲ್ಲಿ ಹುಡುಕಿದರೆ ಅವಳದು ತಪ್ಪೆನ್ನಲಾದೀತೆ?