ನೆರೆಮನೆಯ ನಾತಾಳ

ಹಬ್ಬಗಳಲ್ಲೆಲ್ಲ ಸುಖದ ಹಬ್ಬ ಯಾವುದೆಂದು ಯಾರಾದರೂ ಕೇಳಿದರೆ, ನಾನು ಹಿಂದುಮುಂದು ನೋಡದೆ ‘ನೆರೆಮನೆಯವರದು’ ಎಂದು ಹೇಳಿಬಿಡುತ್ತೇನೆ. ನಮ್ಮ ಮನೆಯ ಹಬ್ಬವೆಂದರೆ ಜೇಡರಬಲೆ ಹೊಡೆಯುವುದು, ಡಬ್ಬಿ ತೊಳೆಯುವುದು, ಕಿರಾಣಿ ಅಂಗಡಿಯ ಯಾದಿ ಬರೆಯುವುದು, ಕೊನೆಗೆ ಕಾದ ಎಣ್ಣೆಯ ಮುಂದೆ ಬೆವರುವುದು. ನೆರೆಮನೆಯ ಹಬ್ಬದಲ್ಲಿ ಹಾಗಲ್ಲ. ಮೊದಲು ವಾಸನೆ ಬರುತ್ತದೆ, ಎರಡು ದಿನ ಬಿಟ್ಟು ಡಬ್ಬಿ ಬರುತ್ತದೆ; ನಡುವಿನ ಅವಧಿಯಲ್ಲಿ ಕಾಯುವುದರ ಹೊರತು ನಮಗೆ ಬೇರೆ ಕೆಲಸವಿಲ್ಲ. ಧಾರವಾಡದ ಕಡೆಯಿಂದ ಬಂದು ನಾಸಿಕದಲ್ಲಿ ಬೇರುಬಿಟ್ಟ ನನ್ನ ಪಾಲಿಗೆ ಅಂಥ ಹಬ್ಬವೆಂದರೆ ಡಿಸೆಂಬರಿನ ನಾತಾಳ.

ನಾತಾಳವೆಂದರೆ ಕ್ರಿಸ್‌ಮಸ್. ಪೋರ್ತುಗೀಜರ ಮಾತೊಂದು ಮರಾಠಿಯ ಬಾಯಿಗೆ ಬಿದ್ದು ಹೀಗಾಗಿದೆ. ನಮ್ಮ ಮಂಗಳೂರಿನ ಕೊಂಕಣಿ ಕ್ರೈಸ್ತರು ಅದನ್ನೇ ನತಾಲಾಂ ಎನ್ನುತ್ತಾರೆ. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಶುರುವಾದ ಓಝರದ ಎಚ್.ಎ.ಎಲ್. ಕಾರ್ಖಾನೆಗೆ ನಾನು ಕೆಲಸಕ್ಕೆ ಬಂದದ್ದು 1986ರಲ್ಲಿ. ಮನೆ ಸಿಕ್ಕಿದ್ದು ನಾಸಿಕದ ಶರಣಪುರದ ಹತ್ತಿರ. ಹೆಸರು ಕೇಳಿದೊಡನೆ ನನ್ನ ಹೆಂಡತಿ, “ಇಲ್ಲೆ ಬಸವಣ್ಣನ ಶರಣರು ಬಂದಿದ್ರೇನ್ರೀ?” ಎಂದಳು. ಬಂದವರು ಬೇರೆ ಶರಣರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಮಿಶನರಿಗಳು ಕಟ್ಟಿದ ಈ ವಸತಿಯಲ್ಲಿ, ಗುಲಾಮರ ಹಡಗುಗಳಿಂದ ಬಿಡುಗಡೆಯಾದ ಆಫ್ರಿಕದ ಮಕ್ಕಳೂ ಓದಿ, ಕೈಕಸಬು ಕಲಿತರು. 1873ರಲ್ಲಿ ಆಫ್ರಿಕದ ಒಳನಾಡಿನಲ್ಲಿ ತೀರಿಕೊಂಡ ಡೇವಿಡ್ ಲಿವಿಂಗ್‌ಸ್ಟನ್ನರ ದೇಹವನ್ನು ಹೊತ್ತು ಕಡಲತೀರಕ್ಕೆ ತಂದವರಲ್ಲಿ ಒಬ್ಬನಾದ ಜೇಕಬ್ ವೇನ್‌ರೈಟ್ ನಾಸಿಕದಲ್ಲಿ ಕಲಿತ ಹುಡುಗ. ಊರು ಬಿಟ್ಟು ಬಂದವರು ನಾವು ಮೊದಲಿಗರೇನಲ್ಲ ಎಂದು ಇದನ್ನು ಓದಿದ ದಿನ ನನಗೆ ಸಮಾಧಾನವಾಯಿತು.

ನಮ್ಮ ಪಕ್ಕದ ಮನೆಯಲ್ಲಿದ್ದವರು ಮರಾಠಿ ಕ್ರೈಸ್ತರು. ಮನೆಯಾಕೆ ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಓಣಿಗೆಲ್ಲ ಅವರು ‘ಬಾಯಿ’. ಎರಡು ಮನೆಗಳ ನಡುವೆ ಒಂದೇ ಗೋಡೆ. ಅವರ ಕುಕ್ಕರಿನ ಶಿಳ್ಳೆಗೆ ನಮ್ಮ ಒಲೆ ಆರಿಸಿ ನಾವು ಮೋಸಹೋದದ್ದುಂಟು.

ಮೊದಲ ವರ್ಷದ ಡಿಸೆಂಬರಿನಲ್ಲಿ ನನ್ನ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಅವ್ವನದು ಬಿಗಿಯಾದ ಮಡಿ. ಇಪ್ಪತ್ನಾಲ್ಕರ ಸಂಜೆ ಬಾಯಿಯವರ ಮಗ ಬಂದು ಸ್ಟೀಲಿನ ಡಬ್ಬಿಯೊಂದನ್ನು ಕೊಟ್ಟು ಹೋದ. ಅವ್ವ ಪಡಸಾಲೆಯಲ್ಲಿ ಕುಳಿತಲ್ಲಿಂದಲೇ ವಿಚಾರಣೆ ಶುರುಮಾಡಿದಳು.

“ಏನದ ಅದರಾಗ?”

“ಕರ್ಚಿಕಾಯಿ, ಚಕ್ಲಿ, ಶಂಕರಪಾಳಿ.”

“ಅಂದ್ರ ದೀವಳಿಗಿ ಫರಾಳ ಅಲ್ಲೇನು?”

ಅದು ನಿಜ. ಮಹಾರಾಷ್ಟ್ರದಲ್ಲಿ ಕರಂಜಿಗೆ ವರ್ಷಕ್ಕೆ ಎರಡು ಜನ್ಮ: ದೀಪಾವಳಿಗೊಂದು, ನಾತಾಳಕ್ಕೊಂದು. ಅವ್ವ ಡಬ್ಬಿಯನ್ನು ದೂರದಿಂದಲೇ ಬಗ್ಗಿ ನೋಡಿದಳು. “ಅಂಚು ಭಾಳ ಚಂದ ಕಟ್ಯಾಳ. ಪಳಗಿದ ಕೈ ಅದ,” ಎಂದಳು. ತಿನ್ನಲಿಲ್ಲ. ಆದರೆ ಮರುದಿನ ನಾನು ಡಬ್ಬಿ ತೊಳೆದು ಹೊರಟಾಗ ಬಾಗಿಲಲ್ಲಿ ನನ್ನನ್ನು ತಡೆದವಳು ಅವಳೇ. “ಬರೇ ಡಬ್ಬಿ ತಗೊಂಡು ಹೊಂಟೀಯೇನು? ಊರಿಂದ ತಂದ ಶೇಂಗಾ ಉಂಡಿ ಅವ ನೋಡು. ಹಾಕ್ಕೊಂಡು ಹೋಗು.”

ಇದನ್ನು ನೆನೆದಾಗಲೆಲ್ಲ ನನಗೆ ಲಕ್ಷ್ಮೀಬಾಯಿ ಟಿಳಕರು ನೆನಪಾಗುತ್ತಾರೆ. ನಾಸಿಕದ ಹತ್ತಿರದ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದವರು ಅವರು. ಪೇಟೆಯಿಂದ ತಂದ ಉಪ್ಪನ್ನೂ ತೊಳೆಸುವಷ್ಟು ಮಡಿ ಅವರ ತಂದೆಯದು. ಗಂಡ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದರು. ಲಕ್ಷ್ಮೀಬಾಯಿ ಕೆಲವು ವರ್ಷ ದೂರವಿದ್ದು, ಕ್ರಮೇಣ ಗಂಡನ ಬಳಿಗೂ ಗಂಡನ ಧರ್ಮಕ್ಕೂ ಬಂದರು. ತನ್ನ ಕಥೆಯನ್ನು ಅವರು ‘ಸ್ಮೃತಿಚಿತ್ರೆ’ಯಲ್ಲಿ ನಗುನಗುತ್ತ ಹೇಳಿದ್ದಾರೆ. ನನ್ನ ಅವ್ವ ಅಷ್ಟು ದೂರ ನಡೆಯಲಿಲ್ಲ. ಅವಳು ನಡೆದದ್ದು ಉಂಡಿಯ ಡಬ್ಬಿಯವರೆಗೆ. ಅದೂ ನಡೆದದ್ದೇ.

ಅಂದಿನಿಂದ ಡಬ್ಬಿಯ ಹೋಗುಬರುವಿಕೆ ನಿಂತಿಲ್ಲ. ಮರುವರ್ಷದಿಂದ ಉಂಡಿ ಕಟ್ಟುವ ಕೆಲಸ ನನ್ನ ಹೆಂಡತಿಯದಾಯಿತು. ಅದರ ಸುತ್ತ ಇನ್ನೂ ಕೆಲವು ಸಣ್ಣ ಸುಖಗಳು ಬೆಳೆದವು. ದೀಪಾವಳಿಯ ಆಕಾಶಕಂದೀಲು ಇಳಿದು ಓಣಿ ಮಂಕಾಗಿರುವಾಗ ಬಾಯಿಯವರ ಮಾಡದಲ್ಲಿ ಕಾಗದದ ನಕ್ಷತ್ರ ಏರುತ್ತಿತ್ತು. ಅದರ ಕೆಂಪು ಬೆಳಕು ನಮ್ಮ ಅಡಿಗೆಮನೆಯ ಕಿಟಕಿಗೂ ಬೀಳುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಗೋಡೆಯಾಚೆ ಹಾರ್ಮೋನಿಯಂ, ತಬಲ. ಟಿಳಕರು ಕ್ರಿಸ್ತನನ್ನು ಅಭಂಗ, ಭಜನೆಯ ಧಾಟಿಯಲ್ಲಿ ಹಾಡಿದವರಾದ್ದರಿಂದ, ಅರ್ಥಕ್ಕೆ ಕಿವಿಗೊಡದಿದ್ದರೆ ಪಂಢರಪುರದ ದಿಂಡಿಯೊಂದು ಪಕ್ಕದ ಮನೆಯಲ್ಲಿ ತಂಗಿದಂತೆ ತೋರುತ್ತಿತ್ತು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಅದೇ ತಾಳಕ್ಕೆ ಕೈ ಸೇರಿಸುತ್ತಿದ್ದಳು.

ಇನ್ನು ಬೇಕರಿ. ಇಲ್ಲಿಯವರು ಮೈದಾ, ತುಪ್ಪ, ಸಕ್ಕರೆಗಳನ್ನು ಮನೆಯಿಂದಲೇ ಒಯ್ದು, ಬೇಕರಿಯ ಭಟ್ಟಿಯಲ್ಲಿ ನಾನಖಟಾಯಿ ಸುಡಿಸಿ ತರುತ್ತಾರೆ. ಬಾಯಿಯವರ ಜೊತೆಗೆ ನನ್ನ ಹೆಂಡತಿಯೂ ಸರದಿಯಲ್ಲಿ ನಿಲ್ಲಲು ಕಲಿತಳು. ಅವಳನ್ನು ಕರೆತರುವುದು ನನ್ನ ಕೆಲಸ. ನಾಸಿಕದ ಡಿಸೆಂಬರಿನ ಚಳಿ ತಮಗೆ ಗೊತ್ತಿರಬಹುದು; ಪಕ್ಕದ ನಿಫಾಡದ ಥಂಡಿ ಪ್ರತಿವರ್ಷ ಪತ್ರಿಕೆಯ ಸುದ್ದಿ. ಸ್ಕೂಟರಿನ ಹಿಂದೆ ಕುಳಿತು ಅವಳು ಬಿಸಿಬಿಸಿ ಡಬ್ಬಿಯನ್ನು ನಮ್ಮಿಬ್ಬರ ನಡುವೆ ಹಿಡಿದಿರುತ್ತಿದ್ದಳು. ಮನೆ ಮುಟ್ಟುವವರೆಗೂ ನನ್ನ ಬೆನ್ನು ಬೆಚ್ಚಗಿರುತ್ತಿತ್ತು. ಬೇಕೆಂದೇ ಗಂಗಾಪುರ ರಸ್ತೆಯ ಕಡೆಯಿಂದ ಸುತ್ತುಹಾಕಿ ಬಂದದ್ದೂ ಉಂಟು. “ಪೆಟ್ರೋಲ್ ಏನ ಪುಕ್ಕಟ ಬರತದೇನ್ರೀ?” ಎಂದು ಕೇಳುತ್ತಿದ್ದಳು. ಇಳಿಯುವ ಅವಸರ ಮಾತ್ರ ಅವಳಿಗೂ ಇರಲಿಲ್ಲ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅವಳು ತೀರಿಕೊಂಡಳು.

ವರ್ಷದ ಮೈಲಿಗೆಯಲ್ಲಿ ಮನೆಯಲ್ಲಿ ಹಬ್ಬವಿಲ್ಲ, ಎಣ್ಣೆ ಇಟ್ಟು ಕರಿಯುವುದಿಲ್ಲ. ದೀಪಾವಳಿಗೆ ಬಂಧುಗಳು, ಸ್ನೇಹಿತರು ಪದ್ಧತಿಯಂತೆ ಫರಾಳ ತಂದುಕೊಟ್ಟರು. ಒಂದು ಚಕ್ಲಿಯೂ ಗಂಟಲಿಗೆ ಇಳಿಯಲಿಲ್ಲ. ಯಾವುದನ್ನು ಮುಟ್ಟಿದರೂ ಅದು ಅವಳು ಮಾಡದ ತಿಂಡಿಯಾಗಿತ್ತು. ಡಿಸೆಂಬರಿಗೆ ಮಗಳು ಬಂದು ನನ್ನನ್ನು ತನ್ನೂರಿಗೆ ಕರೆದೊಯ್ದಳು. ಅಳಿಯನಿಗೆ ವಾಳೂಜದ ಕಾರ್ಖಾನೆಯಲ್ಲಿ ಕೆಲಸ. ಆ ಊರು ನಮ್ಮ ಬಾಯಲ್ಲಿ ಇನ್ನೂ ಔರಂಗಾಬಾದ್. 2023ರಿಂದ ಛತ್ರಪತಿ ಸಂಭಾಜಿನಗರ.

ನನ್ನನ್ನು ನಗಿಸಬೇಕೆಂದು ಮಗಳು ಮಾಡದ ಉಪಾಯವಿಲ್ಲ. ಒಂದು ದಿನ, “ಅಪ್ಪಾ, ನಮ್ಮವರ ಗುಡಿ ನೋಡಿ ಬರೋಣು,” ಎಂದು ವೇರೂಳಕ್ಕೆ ಹೊರಡಿಸಿದಳು. ವೇರೂಳ ಅಂದರೆ ಎಲ್ಲೋರ. ನಮ್ಮವರದೆಂದು ಅವಳು ಹೇಳಿದ್ದು ಸುಳ್ಳಲ್ಲ. ಅಲ್ಲಿಯ ಕೈಲಾಸ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಅದೇ ವಂಶದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆದಿದೆ. ಆ ಲೆಕ್ಕದಲ್ಲಿ ಗೋದಾವರಿ ದಂಡೆಯ ನಾಸಿಕದಲ್ಲಿರುವ ನಾನು ಪರದೇಶಿಯಲ್ಲ, ಹೊಸ್ತಿಲ ಮೇಲೆ ಕುಳಿತವನು! ಆದರೆ ನಾವು ಹೋದದ್ದು ಮಂಗಳವಾರ. ವೇರೂಳದ ಲೇಣಿಗಳಿಗೆ ಮಂಗಳವಾರ ರಜೆ. ಮುಚ್ಚಿದ ಗೇಟಿಗೆ ಕೈಮುಗಿದು ಹಿಂತಿರುಗಿದೆವು.

ಬರುವ ದಾರಿಯಲ್ಲಿ ಹೊಲದ ಬದಿಗೆ ‘ಹುರಡಾ’ ಎಂಬ ಹಲಗೆ ಕಂಡಿತು. ನಮ್ಮ ಸೀತನಿ! ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕೊಟ್ಟರು. ಮೇಲೆ ಶೇಂಗಾ ಚಟ್ನಿ, ಬೆಲ್ಲ. ಮೊಮ್ಮಗ ಮೂಗಿಗೆಲ್ಲ ಮಸಿ ಮಾಡಿಕೊಂಡ. ನಾನು ಮೂರು ಸಲ ಬೊಗಸೆ ಒಡ್ಡಿದೆ. ಶ್ರಾವಣದಿಂದೀಚೆಗೆ ಬೇಡಿ ತಿಂದದ್ದು ಅದೇ ಮೊದಲು. ಅದನ್ನು ನೋಡಿ ಮಗಳು ಬೇರೆ ಕಡೆ ಮುಖ ತಿರುಗಿಸಿದಳು.

ಸಂಜೆ ಛಾವಣಿಯ ಚರ್ಚಿನ ಮುಂದೆ ಹಾದು ಬಂದೆವು. ಮೇಲೆ ದೊಡ್ಡ ನಕ್ಷತ್ರ ಉರಿಯುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು: ಇನ್ನು ನಾಲ್ಕೈದು ದಿನಕ್ಕೆ ಇಪ್ಪತ್ನಾಲ್ಕು. ಡಬ್ಬಿ ಬರುತ್ತದೆ. ಬಂದು, ಬೀಗ ನೋಡಿ ಹಿಂದಕ್ಕೆ ಹೋಗುತ್ತದೆ.

“ನಾನು ಹೋಗತೇನವ್ವಾ,” ಎಂದೆ.

“ಅಲ್ಲೆ ಯಾರಿದ್ದಾರಂತ ಹೋಗತೀಯಪ್ಪಾ?”

ಡಬ್ಬಿ ಬರುತ್ತದೆ ಎಂದು ಹೇಳಿದರೆ ಈ ವಯಸ್ಸಿನಲ್ಲಿ ತಲೆ ಸರಿಯಿಲ್ಲವೆಂದಾರೆಂದು, ಬ್ಯಾಂಕಿನ ಕೆಲಸವೆಂದು ಸುಳ್ಳು ಹೇಳಿದೆ. ಮೀಟರ್‌ಗೇಜಿನ ಕಾಲದಲ್ಲಿ ಮನಮಾಡದಲ್ಲಿ ಗಾಡಿ ಬದಲಿಸಬೇಕಿತ್ತು; ಈಗ ನೇರ ಗಾಡಿಗಳಿವೆ. ಲಾಸಲಗಾಂವದ ಈರುಳ್ಳಿ, ನಿಫಾಡದ ದ್ರಾಕ್ಷಿ ಚಪ್ಪರಗಳನ್ನು ಕಿಟಕಿಯಿಂದ ನೋಡುತ್ತ ಕುಳಿತಾಗ ಒಂದು ಮಾತು ಸ್ಪಷ್ಟವಾಯಿತು. ನಮ್ಮ ಮನೆಯ ಹಬ್ಬಗಳೆಲ್ಲ ಅವಳ ಕೈಯಲ್ಲಿದ್ದವು, ಅವಳೊಡನೆ ಹೋದವು. ನಾತಾಳ ಅವಳ ಕೈಯಲ್ಲಿರಲಿಲ್ಲ. ಅದು ಯಾವಾಗಲೂ ಗೋಡೆಯ ಆಚೆಯಿಂದ ಬರುತ್ತಿತ್ತು. ಆದ್ದರಿಂದ ಅದೊಂದು ಉಳಿದಿತ್ತು.

ಡಬ್ಬಿ ಬಂತು. ಬಾಯಿಯವರೇ ಕೋಲೂರಿಕೊಂಡು ತಂದರು. ಈಗ ಅವರ ಮಗನೂ ಪರವೂರಿನಲ್ಲಿದ್ದಾನೆ. ಆ ರಾತ್ರಿ ಕರಂಜಿಯೊಂದನ್ನು ಚಹದ ಜೊತೆ ತಿಂದೆ. ಅದೇ ಅಂಚು, ಅದೇ ಒಣಕೊಬ್ಬರಿ, ಅದೇ ಜಾಯಿಕಾಯಿ. ಇಷ್ಟು ವರ್ಷದ ರುಚಿಯಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಎರಡನೆಯದನ್ನೂ ತಿಂದೆ.

ಉಳಿದದ್ದು ಬರಿದಾದ ಡಬ್ಬಿ. ಅಂಗಡಿಯಿಂದ ಪೇಢಾ ತಂದು ತುಂಬಬಹುದಿತ್ತು; ಅವ್ವನ ಮುಖ ಕಣ್ಣಮುಂದೆ ಬಂದು ಬೇಡವೆನಿಸಿತು. ಶೇಂಗಾ ಉಂಡಿಗೆ ಎಣ್ಣೆ ಬೇಡ, ಕರಿಯುವುದೂ ಬೇಡ. ವರ್ಷದ ನೇಮಕ್ಕೂ ಭಂಗವಿಲ್ಲ. ಮೊದಲ ಸಲ ಹುರಿದ ಶೇಂಗಾ ಕಪ್ಪಾಯಿತು. ಎರಡನೆಯ ಸಲದ್ದು ಉಂಡೆ ಕಟ್ಟಲು ಬಾರದೆ ಪುಡಿಪುಡಿಯಾಯಿತು. ಬೆಲ್ಲ ಹೆಚ್ಚು ಹಾಕಿ ಕುಟ್ಟಿದ ಮೇಲೆ ಹನ್ನೊಂದು ಉಂಡಿಗಳಾದವು. ಎರಡು ಗುಂಡಗಿರಲಿಲ್ಲ. ಅವನ್ನು ನಾನೇ ಇಟ್ಟುಕೊಂಡೆ.

ಬಾಯಿ ಒಂದನ್ನು ಅಲ್ಲಿಯೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಶಾಲೆಯ ಪರೀಕ್ಷೆಯಲ್ಲಿ ನಿಂತಂತೆ ನಿಂತಿದ್ದೆ.

“ದಾದಾ, ಏಲಕ್ಕಿ ಮರೆತಿದ್ದೀರಿ,” ಎಂದರು ಮರಾಠಿಯಲ್ಲಿ. “ವಹಿನಿ ಹಾಕುತ್ತಿದ್ದರು.”

ಹೋದ ವರ್ಷ ಏಲಕ್ಕಿ ಹಾಕಿದ್ದೆ. ಈ ವರ್ಷಕ್ಕೆ ಶೇಂಗಾ ಈಗಾಗಲೇ ತಂದಿಟ್ಟಿದ್ದೇನೆ. ಮಾಡದಲ್ಲಿ ನಕ್ಷತ್ರ ಇನ್ನೂ ಏರಿಲ್ಲ. ಬಾಯಿಯವರಿಗೆ ಸ್ಟೂಲಿನ ಮೇಲೆ ಹತ್ತಲಾಗುವುದಿಲ್ಲವಾದ್ದರಿಂದ, ಈ ಸಲ ಅದನ್ನು ಕಟ್ಟುವವನು ನಾನು.