ಮೂಗಿಗೆ ಒಗ್ಗಿದ ಮನೆ

ಹರಿಹರದಲ್ಲಿ ಶಿವಮೊಗ್ಗ ರೋಡಿನ ಬಸ್ಸು ಹತ್ತಿ ಮಲೆಬೆನ್ನೂರು ಹತ್ತಿರ ಬರ್ತಿದ್ದಂಗೆ ಕಿಟಕಿಯಿಂದ ಒಂದು ವಾಸನೆ ಒಳಗೆ ಬರುತ್ತೆ. ರೈಸ್ ಮಿಲ್ಲಲ್ಲಿ ಭತ್ತ ಬೇಯಿಸುವ ಹಬೆಯ ವಾಸನೆ. ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ಸೀಮೆ ನಮ್ಮದು, ಹಾಗಾಗಿ ಮಿಲ್ಲುಗಳೂ ಜಾಸ್ತಿ. ತಮಾಷೆ ಏನಂದ್ರೆ, ಕಾಲೇಜಿಗೆ ಸೇರೋ ತನಕ ನಮ್ಮೂರಿಗೆ ಒಂದು ವಾಸನೆ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಮೊದಲನೇ ಸೆಮ್ ಮುಗಿಸಿ ವಾಪಸ್ ಬಂದಾಗಲೇ ಅದು ಮೊದಲ ಸಲ ಮೂಗಿಗೆ ಬಡಿದದ್ದು. ಹದಿನೆಂಟು ವರ್ಷ ಅದರೊಳಗೇ ಉಸಿರಾಡಿದ್ದೆವು!

'ನಾವು' ಅಂದ್ರೆ ಅಣ್ಣತಮ್ಮಂದಿರ ಮಕ್ಕಳು, ಇಬ್ಬರು. ಒಂದೇ ಮನೆ, ಒಂದೇ ಇಂಗ್ಲಿಷ್ ಮೀಡಿಯಂ ಸ್ಕೂಲು, ಈಗ ಒಂದೇ ಹಾಸ್ಟೆಲ್ ರೂಮು. ಕನ್ನಡದಲ್ಲಿ ತಪ್ಪಿದ್ರೆ ಇಬ್ಬರದ್ದೂ ಅಂತ ತಿಳ್ಕೊಳ್ಳಿ.

ಕಳೆದ ಸೆಮ್ ರಜೆಗೆ ಊರಿಗೆ ಹೋದಾಗ ಸಂಜೆ ಆಗಿತ್ತು. ಹೊಸ್ತಿಲು ದಾಟುತ್ತಿದ್ದಂತೆ ಇಬ್ಬರಿಗೂ ಏನೋ ಕೆಟ್ಟ ವಾಸನೆ. ಮೊದಲು ಹೊಳೆದದ್ದು ಚರಂಡಿ. ಒಳಗೆ ಅಮ್ಮಂದಿರಿಬ್ಬರೂ ಹಾಲ್‌ನಲ್ಲಿ ಹೂ ಕಟ್ಟುತ್ತಾ ಆರಾಮಾಗಿ ಕೂತಿದ್ದರು.

"ಏನೋ ವಾಸ್ನೆ ಬರ್ತೈತಲ್ಲ?" ಅಂದೆವು.

"ಯಾವ ವಾಸ್ನೆನಪ್ಪಾ, ಏನೂ ಇಲ್ಲ. ಮಿಲ್ಲಿಂದು ಇರ್ಬೇಕು. ಕೈಕಾಲು ತೊಳ್ಕಳ್ರಿ."

ಅಷ್ಟೊತ್ತಿಗೆ ಅಡುಗೆಮನೆಯ ಪಕ್ಕದ ದೇವರ ಗೂಡಿನ ಮುಂದೆ ಅಜ್ಜಿ ಕಾಣಿಸಿದರು. ದೀಪ ಹಚ್ಚೋ ಹೊತ್ತು. ಕೈಯಲ್ಲಿ ಬೆಂಕಿಪೊಟ್ಟಣ.

ಆಗ ಹೊಳೀತು, ಇದು ಚರಂಡಿ ಅಲ್ಲ, ಗ್ಯಾಸು. "ಅಜ್ಜಿ, ಕಡ್ಡಿ ಗೀರಬ್ಯಾಡ್ರಿ!" ಅಂತ ಇಬ್ಬರೂ ಕೂಗಿಕೊಂಡೇ ಓಡಿದೆವು. ಒಬ್ಬ ಪೊಟ್ಟಣ ಕಸಿದುಕೊಂಡ, ಇನ್ನೊಬ್ಬ ರೆಗ್ಯುಲೇಟರ್ ಬಂದ್ ಮಾಡಿದ. ಲೈಟಿನ ಸ್ವಿಚ್ಚು ಮುಟ್ಟದೆ ಕಿಟಕಿ ಬಾಗಿಲು ಎಲ್ಲಾ ತೆಗೆದು ಎಲ್ಲರನ್ನೂ ಅಂಗಳಕ್ಕೆ ಕರ್ಕೊಂಡು ಬಂದೆವು. ಆಮೇಲೆ ನೋಡಿದ್ರೆ ಸ್ಟವ್ ಪೈಪು ಬುಡದಲ್ಲಿ ಬಿರುಕು ಬಿಟ್ಟಿತ್ತು. ಎಷ್ಟೋ ಹೊತ್ತಿಂದ ಸಣ್ಣಗೆ ಸೋರಿರಬೇಕು.

ಅಂಗಳದಲ್ಲಿ ಹತ್ತು ನಿಮಿಷ ಕೂತು ಒಳಗೆ ಇಣುಕಿದ ಅಮ್ಮ, "ಅಯ್ಯೋ, ಇಷ್ಟು ವಾಸ್ನೆ ಐತಲ್ಲೋ!" ಅಂದರು. ಅದೇ ಮನೆ, ಅದೇ ಮೂಗು. ಇನ್ನೂ ಹೇಳಬೇಕಂದ್ರೆ, ಕಿಟಕಿ ತೆಗೆದ ಮೇಲೆ ಗ್ಯಾಸು ಕಮ್ಮಿಯೇ ಆಗಿತ್ತು. ಅಜ್ಜಿ ಮಾತ್ರ ಸುಮ್ಮನೆ ಹೇಳಿದರು: "ನಮಗೆ ಒಗ್ಗಿ ಹೋಗಿತ್ತು ಬಿಡ್ರಪ್ಪ."

ಸೈಕಾಲಜಿ ನಮ್ಮ ಸಿಲಬಸ್ಸಲ್ಲಿ ಇಲ್ಲ. ಆದ್ರೂ ಆ ರಾತ್ರಿ ನಿದ್ದೆ ಬರದೆ ಓದಿದ್ದು ಅದನ್ನೇ. 'ಸೆನ್ಸರಿ ಅಡಾಪ್ಟೇಶನ್' ಅಂತ ಪುಸ್ತಕಗಳು ಕರೆಯೋದನ್ನ ಅಜ್ಜಿ 'ಒಗ್ಗೋದು' ಅಂತ ಒಂದೇ ಪದದಲ್ಲಿ ಮುಗಿಸಿದ್ದರು.

ಮೂಗಿನೊಳಗೆ ಮೇಲ್ಗಡೆ ವಾಸನೆ ಹಿಡಿಯುವ ನರಕೋಶಗಳಿವೆ. ಅವುಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳು. ಈ ಗ್ರಾಹಕಗಳ ದೊಡ್ಡ ಜೀನ್ ಕುಟುಂಬವನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ವಾಸನೆಯ ಕಣ ಗ್ರಾಹಕಕ್ಕೆ ತಾಗಿದರೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ ಸಂದೇಶ ಹುಟ್ಟುತ್ತೆ. ಆದರೆ ಅದೇ ಕ್ಯಾಲ್ಸಿಯಂ ಆ ಬಾಗಿಲಿನ ಸೂಕ್ಷ್ಮತೆಯನ್ನೂ ತಗ್ಗಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ನೆಗೆಟಿವ್ ಫೀಡ್‌ಬ್ಯಾಕ್. ಕೆಲವೇ ನಿಮಿಷದಲ್ಲಿ ವಾಸನೆ ಮಂಕಾಗುತ್ತೆ. ಸರ್ಕ್ಯೂಟ್ ಲ್ಯಾಬಲ್ಲಿ ಕೆಪಾಸಿಟರ್ ಡಿಸಿಯನ್ನು ತಡೆದು ಬದಲಾವಣೆಯನ್ನಷ್ಟೇ ಬಿಡುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಮೂಗು ಇರೋದನ್ನಲ್ಲ, ಬದಲಾದದ್ದನ್ನ ಹೇಳುತ್ತೆ.

ಆ ಬದಲಾವಣೆಯೂ ಸಾಕಷ್ಟು ದೊಡ್ಡದಿರಬೇಕು. ಜರ್ಮನಿಯ ಅರ್ನ್ಸ್ಟ್ ವೇಬರ್ 1834ರಲ್ಲೇ ತೂಕ ಎತ್ತಿಸಿ ಇದನ್ನ ತೋರಿಸಿದ್ದ. ಕೈಯಲ್ಲಿ 100 ಗ್ರಾಂ ಇದ್ದಾಗ 10 ಗ್ರಾಂ ಸೇರಿಸಿದ್ರೆ ಗೊತ್ತಾಗುತ್ತೆ. 10 ಕೆಜಿ ಅಕ್ಕಿ ಚೀಲಕ್ಕೆ 10 ಗ್ರಾಂ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ. ಅಮ್ಮಂದಿರ ಮೂಗಿಗೆ ಆದದ್ದು ಇವೆರಡೂ: ಗ್ಯಾಸು ಚೂರುಚೂರೇ ಏರಿತು, ಮೂಗು ಜೊತೆಜೊತೆಗೇ ಒಗ್ಗಿಕೊಂಡಿತು. ವಯಸ್ಸಾದಂತೆ ವಾಸನೆ ಗ್ರಹಿಸೋದೇ ಕಮ್ಮಿಯಾಗುತ್ತೆ, ಹಾಗಾಗಿ ಅಜ್ಜಿಯ ಕತೆ ಇನ್ನೂ ಕಷ್ಟ.

ಇನ್ನು ನಾವು ಬುದ್ಧಿವಂತರು ಅಂತಲ್ಲ. ವಾಸನೆ ನಮ್ಮ ಮೂಗಿಗೆ ಬಂದಿತ್ತು, ಆದ್ರೆ ಮನಸ್ಸು ಅದಕ್ಕೆ 'ಚರಂಡಿ' ಅಂತ ಹೆಸರಿಟ್ಟಿತ್ತು. ಅಮ್ಮನ ಮನಸ್ಸು 'ಮಿಲ್ಲು' ಅಂತಿತ್ತು. ಇಂದ್ರಿಯ ಕೊಡೋದು ಸುದ್ದಿ, ಅರ್ಥ ಹಚ್ಚೋದು ಮಿದುಳು. ಅದು ತನಗೆ ಪರಿಚಯ ಇರೋ ಅರ್ಥವನ್ನೇ ಮೊದಲು ಹಚ್ಚುತ್ತೆ. ಬೆಂಕಿಪೊಟ್ಟಣ ಕಣ್ಣಿಗೆ ಬೀಳದೇ ಇದ್ದಿದ್ರೆ ನಾವೂ ಕೈಕಾಲು ತೊಳೆಯೋಕೆ ಹೋಗ್ತಿದ್ದೆವೇನೋ.

ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಸೋರಿದ್ರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಬೆರೆಸ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಅನ್ನೋ ಊರಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ಶಾಲೆಯೇ ಸಿಡಿದು 300ರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಲೇಬೇಕು ಅನ್ನೋ ಕಾನೂನು ಅಲ್ಲಿ ಬಂದದ್ದು ಅದಾದ ಮೇಲೆ. ಆದರೆ ಆ ಏರ್ಪಾಡು ಕೂಡ ಕೊನೆಗೆ ನಿಂತಿರೋದು ಒಂದು ಮೂಗಿನ ಮೇಲೆ. ಆ ಮೂಗು ಒಗ್ಗಿ ಹೋಗಿದ್ರೆ?

ಈಗ ನಮ್ಮನೇಲಿ ಪೈಪು ಹೊಸದು. ಅದರ ಮೇಲಿರೋ ತಾರೀಖನ್ನ ಇಬ್ಬರೂ ಫೋನಲ್ಲಿ ರಿಮೈಂಡರ್ ಹಾಕಿಟ್ಟಿದ್ದೀವಿ. ಗ್ಯಾಸ್ ಸೋರಿಕೆಯ ಸಹಾಯವಾಣಿ 1906 ಫ್ರಿಜ್ ಮೇಲೆ ದೊಡ್ಡದಾಗಿ ಬರೆದಿದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ಸೇರುತ್ತೆ, ಅದಕ್ಕೆ ಗ್ಯಾಸ್ ಅಲಾರಂ ಗೋಡೆಯ ಕೆಳಭಾಗದಲ್ಲಿ ಹಾಕಿದ್ದೀವಿ. ಅದಕ್ಕೆ ಒಗ್ಗೋದು ಗೊತ್ತಿಲ್ಲ. ಅಜ್ಜಿಗೆ ಒಂದು ಹೊಸ ರೂಢಿಯೂ ಆಗಿದೆ. ದೀಪ ಹಚ್ಚೋ ಮೊದಲು ಅಂಗಳಕ್ಕೆ ಹೋಗಿ ತುಳಸಿ ಹತ್ತಿರ ಸ್ವಲ್ಪ ಹೊತ್ತು ನಿಂತು ಒಳಗೆ ಬರ್ತಾರೆ. ಬರುವಾಗ ಅಮ್ಮಂದಿರಲ್ಲಿ ಒಬ್ಬರನ್ನ ಜೊತೆಗೆ ಕರ್ಕೊಂಡೇ ಬರ್ತಾರೆ, "ನಿನ್ ಮೂಗು ಕೊಡೇ" ಅಂತ.

ನೀವೂ ಇವತ್ತು ಹಾಸ್ಟೆಲ್ ರೂಮಿಂದ ಹೊರಗೆ ಹೋಗಿ ಹದಿನೈದು ನಿಮಿಷ ಬಿಟ್ಟು ಬಾಗಿಲು ತೆಗೆದು ನೋಡಿ. ನಾವು ನೋಡಿದೆವು. ಅವತ್ತೇ ಸಾಕ್ಸ್ ಒಗೆದೆವು. ಆಮೇಲೆ ಮನೆಗೆ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳೋ ಮೊದಲು, ಪೈಪಿನ ತಾರೀಖು ಒಂದ್ಸಲ ಕೇಳಿ.