ಯಂತ್ರಶಾಲೆಯ ಬೀಗದ ಕೈ

ಮನೆಯಲ್ಲಿ ಗುಂಡಿಯೊತ್ತಿ ದೀಪ ಬೆಳಗಿಸುವ ನಮಗೆ, ನೂರಾರು ಯಂತ್ರಗಳನ್ನು ಒಂದೇ ಎಡೆಯಿಂದ ಆಳತಕ್ಕ ಸ್ಥಾನವೊಂದು ಕಾರ್ಖಾನೆಗಳಲ್ಲಿ ಇರುವುದೆಂಬ ಕಲ್ಪನೆಯೇ ಇರುವುದಿಲ್ಲ. ಮೋಟಾರ್ ಕಂಟ್ರೋಲ್ ಸೆಂಟರ್ ಎಂದು ಅದರ ಹೆಸರು; ಕೆಲಸಗಾರರು ಎಂ.ಸಿ.ಸಿ. ಎನ್ನುತ್ತಾರೆ. ಮೂವತ್ತು ವರ್ಷ ಶಬ್ದರೂಪಗಳನ್ನೂ ಸಮಾಸಗಳನ್ನೂ ಬೋಧಿಸಿದವನಿಗೆ ಇದರ ಗೊಡವೆಯೇಕೆಂದು ವಾಚಕರು ಕೇಳಬಹುದು. ನನ್ನ ತಂಗಿಯ ಮಗನು ಸಕ್ಕರೆ ಕಾರ್ಖಾನೆಯೊಂದರಲ್ಲಿ ವಿದ್ಯುತ್ ವಿಭಾಗದ ಮೇಲ್ವಿಚಾರಕನಾಗಿದ್ದಾನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅವನಿಗೆ ರಾತ್ರಿ ಪಾಳಿ ಬಂದರೆ ತಾಯಿಗೆ ಕಳವಳ. ಆ ಕಳವಳಕ್ಕೆ ಆಧಾರವೆಷ್ಟೆಂದು ತಿಳಿಯಲು ಅವನನ್ನೇ ಗುರುವಾಗಿ ಮಾಡಿಕೊಂಡೆನು.

ನೋಡುವುದಕ್ಕೆ ಅದು ಉಕ್ಕಿನ ಕಪಾಟುಗಳ ಸಾಲು. ಒಳಗೆ ಉದ್ದಕ್ಕೂ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ದಪ್ಪ ಪಟ್ಟಿಗಳಿರುತ್ತವೆ, ಇವೇ ಬಸ್‌ಬಾರುಗಳು. 415 ವೋಲ್ಟಿನ ಶಕ್ತಿಯು ಇವುಗಳ ಮೂಲಕ ಬಂದು, ಒಂದೊಂದು ಮೋಟಾರಿಗೂ ಮೀಸಲಾದ ಗೂಡಿನೊಳಕ್ಕೆ ಕವಲೊಡೆಯುತ್ತದೆ. ಪ್ರತಿ ಗೂಡಿಗೂ ಮೂವರು ಕಾವಲುಗಾರರು. ತಂತಿಗೆ ತಂತಿ ತಾಗಿದ ಕ್ಷಣದಲ್ಲೇ ಕಡಿದುಹಾಕುವುದು ಬ್ರೇಕರು ಅಥವಾ ಫ್ಯೂಸು. ಗುಂಡಿಯ ಅಪ್ಪಣೆಯಂತೆ ಸೇರಿಸಿ ಬಿಡಿಸುವುದು ಕಾಂಟ್ಯಾಕ್ಟರು. ಮೂರನೆಯದಾದ ಓವರ್‌ಲೋಡ್ ರಿಲೇಗೆ ತಾಳ್ಮೆ ಹೆಚ್ಚು. ಮೋಟಾರು ಹೊರಡುವಾಗ ತನ್ನ ವಾಡಿಕೆಯ ಕರೆಂಟಿನ ಆರೇಳು ಪಟ್ಟು ಸೆಳೆಯುವುದು ಸಹಜ. ರಿಲೇಯು ಅದನ್ನು ಕೆಲವು ಕ್ಷಣ ಸಹಿಸಿಕೊಂಡು, ಆಮೇಲೂ ಇಳಿಯದಿದ್ದರೆ ಮಾತ್ರ ನಿಲ್ಲಿಸುತ್ತದೆ.

ಇವೆಲ್ಲ ಯಂತ್ರದ ರಕ್ಷಣೆಗಾದುವು. ಮನುಷ್ಯನ ರಕ್ಷಣೆಗೋ, ಒಂದು ಸಾಮಾನ್ಯ ಬೀಗ! ಅವನಿಗೆ ಪರಿಚಿತನಾದ ಒಬ್ಬ ಕೆಲಸಗಾರನು ಬೇರೊಂದು ಕಾರ್ಖಾನೆಯಲ್ಲಿ ಸ್ವಿಚ್ಚು ತೆಗೆದು, ಬೆಲ್ಟಿನ ಕೆಳಗೆ ಸಿಕ್ಕಿದ ಸಿಪ್ಪೆಯನ್ನು ಕೀಳುತ್ತಿದ್ದನಂತೆ. ಅಷ್ಟರಲ್ಲಿ ಪಾಳಿ ಬದಲಾಯಿತು. ಹೊಸದಾಗಿ ಬಂದವನು ಬೆಲ್ಟು ನಿಂತಿರುವುದನ್ನು ಕಂಡು ಸ್ವಿಚ್ಚು ಹಾಕಿದನು. ಮೂರು ಬೆರಳುಗಳು ಹೋದುವು. ಇದಕ್ಕಾಗಿಯೇ, ದುರಸ್ತಿಗೆ ಇಳಿಯುವವನು ಸ್ವಿಚ್ಚಿನ ಹಿಡಿಗೆ ತನ್ನ ಸ್ವಂತ ಬೀಗ ಜಡಿದು, ಹೆಸರಿನ ಚೀಟಿ ಕಟ್ಟಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ನಾಲ್ವರು ದುಡಿಯುತ್ತಿದ್ದರೆ ನಾಲ್ಕು ಬೀಗ. ಆಮೇಲೂ ಗುಂಡಿಯೊತ್ತಿ ನೋಡಿ, ಮಾಪಕದಿಂದ ಪರೀಕ್ಷಿಸಿಯೇ ಕೈಯಿಡಬೇಕು. ಅಮೆರಿಕೆಯವರು 1989ರಲ್ಲಿ ಇದನ್ನು ಕಡ್ಡಾಯ ಮಾಡಿದರು. ನಮ್ಮ 1948ರ ಕಾರ್ಖಾನೆಗಳ ಶಾಸನದ 24ನೆಯ ವಿಧಿಯಲ್ಲಿಯೂ ಇಂಥ ಬೀಗದ ಮಾತು ಸೇರಿತ್ತು. ವೈಯಾಕರಣರ ಮತದಲ್ಲಿ ಕರ್ತೃವೆಂದರೆ ಸ್ವತಂತ್ರನು. ಈ ಶಾಲೆಯಲ್ಲಿ ಕರ್ತೃವು ಗುಂಡಿಯೊತ್ತುವವನಲ್ಲ, ಕೀಲಿ ಹೊತ್ತವನು.

"ಕೀಲಿಯನ್ನು ಮರೆತು ಮನೆಗೇ ತಂದುಬಿಟ್ಟರೆ?" ಎಂದು ನನ್ನ ತಂಗಿ ಕೇಳಿದಳು.

"ಹೇಳಿಕಳಿಸ್ತಾರಮ್ಮ. ನಾನು ಕಾರ್ಖಾನೆ ಒಳಗೆ ಇಲ್ಲ ಅಂತ ಖಚಿತ ಮಾಡಿಕೊಳ್ಳದೆ ಯಾರೂ ಆ ಬೀಗ ಮುರಿಯೋ ಹಾಗಿಲ್ಲ" ಎಂದನು.

ಬೀಗಕ್ಕೂ ಮೀರಿದ ಅಪಾಯವೊಂದುಂಟು. ಒಂದು ಗೂಡಿನ ಸ್ವಿಚ್ಚು ತೆಗೆದರೂ ಹಿಂದಣ ಬಸ್‌ಬಾರುಗಳಲ್ಲಿ ಶಕ್ತಿಯಿದ್ದೇ ಇರುತ್ತದೆ. ಜಾರಿಬಿದ್ದ ಸ್ಪ್ಯಾನರು ಅಲ್ಲಿ ಅಡ್ಡಲಾದರೆ ಗಾಳಿಯಲ್ಲೇ ಕಿಡಿಯ ಸೇತುವೆ ಕಟ್ಟಿ, ಸೂರ್ಯನ ಮೈಗಿಂತ ಹೆಚ್ಚಿನ ತಾಪ ಹುಟ್ಟಬಲ್ಲುದು. ಕರಗಿದ ತಾಮ್ರವು ಸಿಡಿಯುತ್ತದೆ. ತಂತಿಯನ್ನು ಮುಟ್ಟದವನೂ ಬೇಯುತ್ತಾನೆ. ರಾಲ್ಫ್ ಲೀ ಎಂಬ ಎಂಜಿನಿಯರು 1982ರಲ್ಲಿ ಈ ಸುಡುಗಾಯಗಳ ಲೆಕ್ಕವನ್ನು ಬರೆದು ಲೋಕದ ಕಣ್ಣು ತೆರೆಸಿದನು. ಗೂಡು ಗೂಡಿಗೂ, ಬಸ್‌ಬಾರಿಗೂ ನಡುವೆ ಗೋಡೆಗಳು ಎಷ್ಟರಮಟ್ಟಿಗೆ ಇರಬೇಕೆಂಬುದನ್ನು ಐ.ಇ.ಸಿ. 61439 ಎಂಬ ಅಂತರರಾಷ್ಟ್ರೀಯ ಮಾನದಂಡವು ನಾಲ್ಕು ತರಗತಿಗಳಾಗಿ ವಿಂಗಡಿಸಿದೆ. ನಾಲ್ಕನೆಯದು ಶ್ರೇಷ್ಠ, ಬೆಲೆಯೂ ಹೆಚ್ಚು. ಬೆಲೆಗೆ ಅಂಜಿ ಮೊದಲನೆಯದನ್ನೇ ಕೊಳ್ಳುವ ಯಜಮಾನರಿಗೆ ಏನು ಹೇಳೋಣ!

ಕಾಂಟ್ಯಾಕ್ಟರಿನ ಇನ್ನೊಂದು ಗುಣವು ಗೃಹಸ್ಥರಿಗೂ ಸಂಬಂಧಪಟ್ಟುದು. ಅದು ವಿದ್ಯುತ್ ಅಯಸ್ಕಾಂತದಿಂದ ಹಿಡಿದುಕೊಂಡಿರುತ್ತದಾದುದರಿಂದ ಕರೆಂಟು ಹೋದೊಡನೆ ಕೈಬಿಡುತ್ತದೆ. ಕರೆಂಟು ಮರಳಿದರೂ, ಯಾರಾದರೂ ಗುಂಡಿಯೊತ್ತುವವರೆಗೆ ಮೋಟಾರು ಹೊರಡದು. ತೋಟದ ಪಂಪಿನ ಸ್ಟಾರ್ಟರಿನಲ್ಲಿಯೂ ಇದೇ ಉಪಾಯವಿದೆ. ಆದರೆ ಹಳ್ಳಿಗಳಲ್ಲಿ ಕರೆಂಟು ಅಪರಾತ್ರಿಯಲ್ಲಿ ಬರುವುದರಿಂದ ರೈತರು ಆಟೋ ಸ್ಟಾರ್ಟರನ್ನು ಜೋಡಿಸಿ ಈ ಗುಣವನ್ನು ಅಳಿಸುತ್ತಾರೆ. ಚಳಿಯಲ್ಲಿ ಗದ್ದೆಗೆ ನಡೆಯಬೇಕಾದವರನ್ನು ದೂರಲು ನನಗೆ ಬಾಯಿಲ್ಲ. ಆದರೂ ಕರೆಂಟಿಲ್ಲವೆಂದು ನಂಬಿ ಪೆಟ್ಟಿಗೆಯೊಳಗೆ ಕೈಹಾಕಿದವನಿಗೆ ಅದು ಮುನ್ಸೂಚನೆ ಕೊಡುವುದಿಲ್ಲ. ಹುಡುಗನು ನಮ್ಮ ಪಂಪುಮನೆಯ ಮೇನ್ ಸ್ವಿಚ್ಚನ್ನು ಬದಲಾಯಿಸಿ, ಹಿಡಿಯಲ್ಲಿ ಬೀಗಕ್ಕೆ ರಂಧ್ರವಿರುವುದನ್ನು ಹಾಕಿಸಿದನು. ಬೀಗವನ್ನು ನಾನು ಸಂತೆಯಿಂದ ತಂದೆನು. ಅದರ ಕೀಲಿಯು ಈಗ ನಮ್ಮ ಆಳಿನ ಉಡಿದಾರದಲ್ಲಿದೆ.